ಮೊಲಕ್ಕೆ ಕಹಿ ಔಷಧಿ ಕುಡಿಸುವ ಬಗೆ

ನಾಯಿಗೆ ಮಾತ್ರೆಯನ್ನು ಅನ್ನದ ತುತ್ತಿನಲ್ಲಿ ಅಡಗಿಸಿ ನುಂಗಿಸಬಹುದು. ಮೊಲದ ಬಳಿ ಈ ಉಪಾಯ ಸಾಗದು. ಅದು ಆಹಾರವನ್ನು ಇಡಿಯಾಗಿ ನುಂಗದೆ ನುಣ್ಣಗೆ ಅರೆದು ತಿನ್ನುವ ಪ್ರಾಣಿ. ಸೊಪ್ಪಿನ ನಡುವೆ ಬಚ್ಚಿಟ್ಟ ಮಾತ್ರೆಯನ್ನು ಮೂಸಿ ಪತ್ತೆಹಚ್ಚಿ, ಸೊಪ್ಪನ್ನಷ್ಟೇ ತಿಂದು ಅದನ್ನು ಬಿಟ್ಟುಬಿಡುತ್ತದೆ. ಆಗ ಮನೆಯವರು ಬಲವಂತಕ್ಕೆ ಇಳಿಯುತ್ತಾರೆ. ಮೊಲದ ವಿಷಯದಲ್ಲಿ ಕಾಯಿಲೆಯಷ್ಟೇ ಈ ಬಲವಂತವೂ ಅಪಾಯಕಾರಿ.

ಸಾಕುಮೊಲಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಶೀತಬಾಧೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪದೇಪದೇ ಸೀನು, ಮೂಗಿನಿಂದ ಬಿಳಿಯ ಸಿಂಬಳ, ಮೂಗನ್ನು ಒರೆಸಿಕೊಂಡು ಅಂಟಂಟಾದ ಮುಂಗಾಲಿನ ಕೂದಲು ಇದರ ಲಕ್ಷಣಗಳು. ಬಹಳಷ್ಟು ಸಂದರ್ಭಗಳಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣವಾಗಿರುತ್ತದೆ. ಇದಕ್ಕೆ ಪಶುವೈದ್ಯರು ಬರೆದುಕೊಡುವ ಔಷಧಿಗಳಲ್ಲಿ ಎನ್ರೋಫ್ಲಾಕ್ಸಸಿನ್ ಮುಖ್ಯವಾದುದು. ಇದು ಬಲು ಕಹಿ. ಚಿಕಿತ್ಸೆ ಕೆಲವೊಮ್ಮೆ ವಾರಗಟ್ಟಲೆ ಮುಂದುವರಿಯುವುದರಿಂದ ಒಂದು ದಿನದ ಹೋರಾಟ ನಿತ್ಯದ ಯುದ್ಧವಾಗದಂತೆ ಮೊದಲಿನಿಂದಲೇ ಎಚ್ಚರ ವಹಿಸಬೇಕು.

ಮೊಲದ ದೇಹರಚನೆ

ಮೊಲಕ್ಕೆ ವಾಂತಿ ಮಾಡುವ ಸಾಮರ್ಥ್ಯವಿಲ್ಲ. ತಪ್ಪಾಗಿ ಹೊಟ್ಟೆ ಸೇರಿದ ಔಷಧಿ ಹೊರಬರುವುದಿಲ್ಲ. ಉಸಿರಾಟಕ್ಕೆ ಅದು ಬಹುಮಟ್ಟಿಗೆ ಮೂಗನ್ನೇ ಅವಲಂಬಿಸಿದೆ. ಮೂಗು ಕಟ್ಟಿರುವಾಗ ಬಾಯಿಗೆ ಒಮ್ಮೆಲೇ ದ್ರವ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೊಲದ ಮೂಳೆಗಳು ಹಗುರ, ಹಿಂಗಾಲಿನ ಸ್ನಾಯುಗಳು ಬಲಿಷ್ಠ. ಬಿಗಿಯಾಗಿ ಹಿಡಿದಾಗ ಕೊಸರಿ ಒದ್ದರೆ ಅದರ ಬೆನ್ನುಮೂಳೆ ಅದರ ಒದೆತದಿಂದಲೇ ಮುರಿಯುವುದುಂಟು.

ಮೊಲವನ್ನು ಅಂಗಾತ ಮಲಗಿಸಿದರೆ ಅದು ಅಲುಗಾಡದೆ ಸುಮ್ಮನಾಗುತ್ತದೆ. ಇದು ನೆಮ್ಮದಿಯ ಸೂಚನೆಯಲ್ಲ, ಬೇಟೆಗೆ ಸಿಕ್ಕಿದ ಪ್ರಾಣಿಯ ಭಯ. ಆ ಭಂಗಿಯಲ್ಲಿ ಎಂದಿಗೂ ಔಷಧಿ ಕುಡಿಸಕೂಡದು.

ಕುಡಿಸುವ ಕ್ರಮ

ಸಾಧ್ಯವಾದರೆ ಔಷಧಿಯನ್ನು ದ್ರವರೂಪದಲ್ಲಿ ಕೊಡುವಂತೆ ವೈದ್ಯರನ್ನು ಕೇಳಿ. ಸೂಜಿ ತೆಗೆದ 1 ಮಿಲಿಯ ಸಿರಿಂಜ್ ಇದಕ್ಕೆ ಅನುಕೂಲ. ಇನ್ಸುಲಿನ್ ಸಿರಿಂಜ್ ಬಳಸಬೇಡಿ. ಅದರ ಮೇಲಿನ ಗೆರೆಗಳು ಯೂನಿಟ್ ಲೆಕ್ಕದವು, ಮಿಲಿ ಲೆಕ್ಕದವಲ್ಲ. ಈ ವ್ಯತ್ಯಾಸದಿಂದ ಔಷಧಿಯ ಪ್ರಮಾಣವೇ ತಪ್ಪಬಹುದು.

ಮೊಲವನ್ನು ನೆಲದ ಮೇಲೆ ಅಥವಾ ಜಾರದ ಬಟ್ಟೆ ಹಾಸಿದ ಮೇಜಿನ ಮೇಲೆ ನಾಲ್ಕು ಕಾಲೂರಿ ಕೂರಿಸಿ. ದಪ್ಪ ಟವೆಲ್‌ನಿಂದ ಮುಖ ಮಾತ್ರ ಹೊರಗಿರುವಂತೆ ಸುತ್ತಿ, ಅದರ ಹಿಂಭಾಗ ನಿಮ್ಮ ಮೈಗೆ ತಾಗಿರುವಂತೆ ಹಿಡಿದುಕೊಳ್ಳಿ. ಮೂಗಿನ ನೇರ ಎದುರಿಗಿರುವುದು ಮೊಲದ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೈಯನ್ನು ಪಕ್ಕದಿಂದ ತನ್ನಿ.

ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಖಾಲಿ ಜಾಗವಿದೆ. ಸಿರಿಂಜಿನ ತುದಿಯನ್ನು ತುಟಿಯ ಪಕ್ಕದಿಂದ ಅಲ್ಲಿಗೆ ಸೇರಿಸಿ, ಕೆನ್ನೆಯ ಕಡೆಗೆ ವಾರೆಯಾಗಿ ತಿರುಗಿಸಿ. ಗಂಟಲಿಗೆ ನೇರವಾಗಿ ಬಿಡಬಾರದು. ಒಮ್ಮೆಗೆ ಕೆಲವೇ ಹನಿ ಬಿಟ್ಟು, ಅದು ಜಗಿದು ನುಂಗಿದ ಮೇಲೆ ಮತ್ತಷ್ಟು ಬಿಡಿ. ತಲೆಯನ್ನು ಮೇಲಕ್ಕೆ ಎತ್ತಬೇಡಿ. ಕೆಮ್ಮಿದರೆ ತಕ್ಷಣ ನಿಲ್ಲಿಸಿ. ಒಂದಷ್ಟು ಚೆಲ್ಲಿಹೋಯಿತೆಂದು ಪೂರ್ತಿ ಪ್ರಮಾಣವನ್ನು ಮತ್ತೆ ಕುಡಿಸುವುದು ಸಲ್ಲದು. ವೈದ್ಯರಿಗೆ ಫೋನ್ ಮಾಡಿ ವಿಚಾರಿಸಿ.

ಕಹಿ ಮರೆಸುವ ಉಪಾಯ

ಮಾತ್ರೆಯನ್ನು ಪುಡಿ ಮಾಡಬಹುದೇ ಎಂಬುದನ್ನು ಮೊದಲು ವೈದ್ಯರಿಂದ ತಿಳಿಯಬೇಕು. ಮಾಡಬಹುದಾದರೆ ಎರಡು ಚಮಚಗಳ ನಡುವೆ ಒತ್ತಿ ನುಣುಪಾದ ಪುಡಿ ಮಾಡಿ, ಚೆನ್ನಾಗಿ ಕಳಿತ ಬಾಳೆಹಣ್ಣಿನ ಸಣ್ಣ ಚೂರಿನಲ್ಲಿ ಕಿವುಚಿ ಕೊಡಬಹುದು. ಚೂರು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಹಣ್ಣಿನ ಸಕ್ಕರೆ ಹೆಚ್ಚಾದರೆ ಕರುಳು ಕೆಡುತ್ತದೆ, ಮಿಶ್ರಣ ಹೆಚ್ಚಾದರೆ ಮೊಲ ಅರ್ಧಕ್ಕೇ ಬಿಡುತ್ತದೆ. ಸಿರಿಂಜಿನ ತುದಿಗೆ ಬಾಳೆಹಣ್ಣು ಸವರುವುದರಿಂದಲೂ ಪ್ರಯೋಜನವಿದೆ. ಔಷಧಿಯ ನಂತರ ನಾಲ್ಕೆಸಳು ಕೊತ್ತಂಬರಿ ಸೊಪ್ಪು ಕೊಟ್ಟರೆ ಬಾಯಿಯ ಕಹಿ ಹೋಗುತ್ತದೆ, ನಾಳೆಯ ಕೆಲಸವೂ ಹಗುರಾಗುತ್ತದೆ.

ಮಕ್ಕಳಿಗೆ ಮಾಡುವಂತೆ ಹಾಲಿನಲ್ಲಿ ಬೆರೆಸಬಾರದು. ಹಾಲು ಮೊಲದ ಆಹಾರವಲ್ಲ. ಅದರಲ್ಲಿರುವ ಕ್ಯಾಲ್ಸಿಯಂ ಎನ್ರೋಫ್ಲಾಕ್ಸಸಿನ್ ರಕ್ತಕ್ಕೆ ಸೇರುವುದನ್ನೂ ತಡೆಯುತ್ತದೆ. ಕುಡಿಯುವ ನೀರಿನ ಬಟ್ಟಲಿಗೆ ಔಷಧಿ ಹಾಕುವುದೂ ತಪ್ಪು. ಎಷ್ಟು ಹೊಟ್ಟೆ ಸೇರಿತೆಂಬ ಲೆಕ್ಕ ಸಿಗದು. ಕಹಿಯ ಕಾರಣದಿಂದ ಮೊಲ ನೀರನ್ನೇ ಬಿಟ್ಟರೆ ಹೊಸ ತೊಂದರೆ ಶುರುವಾಗುತ್ತದೆ.

ಮನೆಯ ಔಷಧಿ ಬೇಡ

ಔಷಧಿ ಕುಡಿಯುತ್ತಿಲ್ಲವೆಂದು ಬೇಸತ್ತು, ಮನೆಯಲ್ಲಿ ಮಕ್ಕಳಿಗೆಂದು ತಂದಿಟ್ಟ ಸಿಹಿಯಾದ ಅಮಾಕ್ಸಿಸಿಲಿನ್ ಸಿರಪ್ ಕೊಡುವ ಯೋಚನೆ ಬರಬಹುದು. ಇದು ಪ್ರಾಣಾಂತಿಕ. ಮೊಲದ ಕರುಳಿನಲ್ಲಿ ನಾರನ್ನು ಜೀರ್ಣಿಸಲು ನೆರವಾಗುವ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ. ಬಾಯಿಯ ಮೂಲಕ ಕೊಟ್ಟ ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಮತ್ತು ಲಿಂಕೋಮೈಸಿನ್ ಅವುಗಳನ್ನು ಕೊಲ್ಲುತ್ತವೆ. ಆ ಜಾಗದಲ್ಲಿ ವಿಷಕಾರಿ ಬ್ಯಾಕ್ಟೀರಿಯಾಗಳು ಬೆಳೆದು ತೀವ್ರ ಭೇದಿಯಾಗಿ ಮೊಲ ಸಾಯಬಹುದು. ನಾಲಿಗೆಗೆ ಕಹಿಯಾದದ್ದು ಮೊಲವನ್ನು ಉಳಿಸಬಹುದು, ಸಿಹಿಯಾದದ್ದು ಕೊಲ್ಲಬಹುದು ಎಂಬುದನ್ನು ಸಾಕುವವರು ಮರೆಯಬಾರದು.

ತಡಮಾಡದಿರಿ

ಮೊಲ ತನ್ನ ನೋವನ್ನು ಬಚ್ಚಿಡುವ ಪ್ರಾಣಿ. ಔಷಧಿ ನಡೆಯುತ್ತಿರುವಾಗ ಪ್ರತಿದಿನ ಅದು ತಿಂದ ಹುಲ್ಲನ್ನೂ ಹಾಕಿದ ಹಿಕ್ಕೆಯನ್ನೂ ಗಮನಿಸಬೇಕು. ಸುಮಾರು 12 ಗಂಟೆ ಏನನ್ನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಭೇದಿ ಕಾಣಿಸಿಕೊಂಡರೆ ಅಥವಾ ಬಾಯಿ ತೆರೆದು ಉಸಿರಾಡುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಎಲ್ಲ ಪಶುವೈದ್ಯರೂ ಮೊಲಗಳನ್ನು ಹೆಚ್ಚಾಗಿ ನೋಡಿರುವುದಿಲ್ಲ. ಮೊಲಗಳ ಚಿಕಿತ್ಸೆಯಲ್ಲಿ ಅನುಭವವುಳ್ಳವರು ಹತ್ತಿರದಲ್ಲಿ ಯಾರಿದ್ದಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ. ಮೂಗು ಒಣಗಿತೆಂದು ಔಷಧಿಯನ್ನು ನಡುವೆ ನಿಲ್ಲಿಸಬಾರದು. ರೋಗ ಮರುಕಳಿಸುವ ಸಂಭವವಿರುತ್ತದೆ.

ಮೊಲ ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ಸಿರಿಂಜಿನಿಂದ ಒಂದೆರಡು ಹನಿ ಸೇಬಿನ ರಸ ಕುಡಿಸಿ ರೂಢಿ ಮಾಡಿಸುವುದು ಒಳ್ಳೆಯದು. ಸಿರಿಂಜ್ ಕಂಡರೆ ತಾನಾಗಿ ಮುಂದೆ ಬರುವ ಮೊಲಕ್ಕೆ, ಕಾಯಿಲೆ ಬಂದ ದಿನ ಔಷಧಿ ಕುಡಿಸುವುದು ಕಷ್ಟವಾಗುವುದಿಲ್ಲ.