ಹೆದ್ದಾರಿಯ ಬದಿಯ ನೆಲದ ಕಥೆ

ಕ್ಯಾಮೆರಾ ಹೆಗಲಿಗೇರಿಸಿ ಮೈಸೂರಿನಿಂದ ಕುಶಾಲನಗರದತ್ತ ಹೊರಟವರು ಸಾಮಾನ್ಯವಾಗಿ ನಿಲ್ಲುವುದು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ. ಆದರೆ ರಾಷ್ಟ್ರೀಯ ಹೆದ್ದಾರಿ 275ರ ಈ ಭಾಗದ ಇತಿಹಾಸ ಚಿತ್ರದಲ್ಲಿ ಸಿಗಬೇಕಾದರೆ ಅದಕ್ಕೂ ಮೊದಲೇ ನಿಲ್ಲಬೇಕು. ಏಕೆಂದರೆ ಇದು ನೆಲ ಕಳೆದುಕೊಂಡವರ, ನೆಲ ಪಡೆದವರ ದಾರಿ.

ಮೊದಲ ನಿಲ್ದಾಣ ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು. ಸೈನ್ಯದ ತೋಪುಗಳನ್ನು ಎಳೆಯುತ್ತಿದ್ದ ಅಮೃತಮಹಲ್ ಎತ್ತುಗಳ ಇಲಾಖೆ 19ನೇ ಶತಮಾನದಲ್ಲಿ ಇಲ್ಲಿ ನೆಲೆಯೂರಿತ್ತು. ಆ ದನಗಳ ಮೇವಿಗೆಂದೇ ಸಂಸ್ಥಾನದ ಹಲವೆಡೆ 'ಕಾವಲು'ಗಳನ್ನು ಮೀಸಲಿಡಲಾಗಿತ್ತು. ಇದೇ ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರ ಹೊಲದೊಡೆಯನಾದ.

ಮುಂದಿನ ಪಿರಿಯಾಪಟ್ಟಣದಲ್ಲಿ ಕಾಣುವುದು ಪಾಳುಬಿದ್ದ ಕೋಟೆ. 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಚೆಂಗಾಳ್ವರಿಂದ ಈ ನಾಡನ್ನು ಗೆದ್ದುಕೊಂಡಿತು.

ಅಲ್ಲಿಂದ ಬೈಲಕುಪ್ಪೆ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಅವರ ಬೆನ್ನಿಗೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ನೀಡಿತು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಅವರು ಬದುಕು ಕಟ್ಟಿಕೊಂಡರು.

ಇನ್ನೊಂದು ಚಿತ್ರವಿದೆ, ಅದಕ್ಕೆ ಹೆದ್ದಾರಿ ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಹೋಗಬೇಕು. ನಾಗರಹೊಳೆ ಕಾಡಿನಿಂದ ಸ್ಥಳಾಂತರಗೊಂಡ ಆದಿವಾಸಿಗಳ ಪುನರ್ವಸತಿ ಹಾಡಿ ಅಲ್ಲಿದೆ. ದೂರದಿಂದ ಬಂದವರಿಗೆ ನೆಲ ಕೊಟ್ಟ ಸೀಮೆಯಲ್ಲೇ, ಇಲ್ಲಿಯೇ ಹುಟ್ಟಿದವರು ನೆಲ ಬಿಟ್ಟು ಬಂದ ಕಥೆಯೂ ಇದೆ. ಈ ದಾರಿಯ ಆಲ್ಬಂ ಪೂರ್ಣವಾಗಲು ಎರಡೂ ಚಿತ್ರಗಳು ಬೇಕು.