ಮೊದಲ ಹೆಸರು ಯಾರದು?

ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಶಾಲೆಯ ಕ್ರೀಡಾ ಕೊಠಡಿಯಲ್ಲಿ ನಾಡಿನ ಹಿರಿಯ ಫುಟ್‌ಬಾಲ್ ಆಟಗಾರರ ಫಲಕ ಹಾಕಿಸಲು ಹಳೆಯ ವಿದ್ಯಾರ್ಥಿಗಳು ಒಪ್ಪಿದ್ದಾರೆ. ಮೊದಲ ಹೆಸರು ಯಾರದು ಎಂಬುದೇ ಶಿಕ್ಷಕರ ಕೊಠಡಿಯ ಜಗಳ.

ಹೆಚ್ಚಿನವರು ಬೆಂಗಳೂರಿನ ಅಹ್ಮದ್ ಖಾನ್ ಎನ್ನುತ್ತಾರೆ. 1948, 1952ರ ಎರಡು ಒಲಿಂಪಿಕ್ಸ್ ಆಡಿದವರು, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿದಾಗ ನಮ್ಮ ಆ ಒಂದು ಗೋಲು ಅವರದೇ.

ಇತಿಹಾಸದ ಮೇಷ್ಟ್ರಾದ ನಾನು ಆಗಿನ ಮೈಸೂರು ತಂಡದ ಎಸ್. ರಾಮನ್ ಅವರ ಪರ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ, ಸ್ವತಂತ್ರ ಭಾರತದ ಮೊದಲ ಅಧಿಕೃತ ಪಂದ್ಯ ಫ್ರಾನ್ಸ್ ಎದುರು. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ವ್ಯರ್ಥವಾಗಿ 1–2ರಲ್ಲಿ ಸೋತೆವು. ಆ ಮೊದಲ ಗೋಲು ರಾಮನ್ ಅವರದು.

“ಪದಕ ಎಲ್ಲಿದೆ ಸಾರ್?” ಎನ್ನುತ್ತಾರೆ ನಮ್ಮ ಪಿ.ಟಿ. ಮೇಷ್ಟ್ರು. ಪದಕವಿಲ್ಲ, ನಿಜ. ಅರ್ಜುನ ಪ್ರಶಸ್ತಿ ಶುರುವಾದದ್ದೇ 1961ರಲ್ಲಿ. ಆ ಕಾಲದವರನ್ನು ಪ್ರಶಸ್ತಿಗಳಿಂದ ಅಳೆಯುವುದು ಹೇಗೆ? ಫಲಕ ಬರೆಯುವವರು ಬರುವ ಸೋಮವಾರ ಬರುತ್ತಾರೆ. ಮೊದಲ ಸಾಲಿಗೆ ರಾಮನ್ ಹೆಸರನ್ನೇ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಅಹ್ಮದ್ ಖಾನ್ ಎರಡನೆಯ ಸಾಲಿನಲ್ಲಿದ್ದಾರೆ. ತಕರಾರಿರುವವರು ಅಷ್ಟರೊಳಗೆ ಬರಬೇಕು.