ರಾಗಿಯನ್ನು ಓದುವುದು

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಶ್ರವಣಬೆಳಗೊಳದ ನಮ್ಮ ಮನೆಗೆ ಬಂದಿದ್ದನು. ಅವನ ಮಗಳು ಕೃಷಿ ಪದವಿ ಮುಗಿಸಿ, ಅಣು ತಳಿವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದು ಹಟ ಹಿಡಿದಿದ್ದಾಳಂತೆ. “ರಾಗಿ ಮೇಲೆ ಸಂಶೋಧನೆ ಮಾಡ್ತಾಳಂತೆ ಸಾರ್. ನಮ್ಮಪ್ಪ ಏನು ಓದಿ ರಾಗಿ ಬೆಳೆದರು?” ಎಂದು ಅವನು ಬೇಸರದಿಂದ ಕೇಳಿದನು. ಅಂದು ಅವನಿಗೆ ಹೇಳಿದ ಚರಿತ್ರೆಯನ್ನೇ ನಿಮಗಾಗಿಯೂ ಬರೆಯುತ್ತಿದ್ದೇನೆ.

ನಮ್ಮ ಸೀಮೆಯದೆಂದು ನಾವು ಹೆಮ್ಮೆಪಡುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂದು ನಮ್ಮದಾಯಿತು. ಹೀಗೆ ಅಗಲಿದ್ದ ಎರಡು ಕವಲುಗಳನ್ನು ಮತ್ತೆ ಕೂಡಿಸಿದವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರು. ರಾಗಿಯ ಹೂವು ಅತಿ ಸಣ್ಣದು. ಗಂಡು-ಹೆಣ್ಣು ಭಾಗಗಳೆರಡೂ ಅದರಲ್ಲೇ ಇದ್ದು, ತನ್ನಲ್ಲಿಯೇ ಪರಾಗಸ್ಪರ್ಶ ಹೊಂದುತ್ತದೆ. ಅಂತಹ ಬೆಳೆಯಲ್ಲಿ ಸಂಕರ ನಡೆಸುವುದು ತಪಸ್ಸೇ ಸರಿ. ಭಾರತ, ಆಫ್ರಿಕಗಳ ಹೆಸರು ಬೆಸೆದು ‘ಇಂಡಾಫ್’ ಎಂದು ಕರೆಯಲಾದ ಆ ತಳಿಗಳು ನಮ್ಮ ಹೊಲಗಳಿಗೆ ಬಂದಾಗ, ತೆನೆಯ ಗಾತ್ರ ನೋಡಿ ಹಿರಿಯರು ಬೆರಗಾದದ್ದು ನನಗಿನ್ನೂ ನೆನಪಿದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಇಂಡಾಫ್-5 ತಳಿಯನ್ನು ಇನ್ನೊಂದರೊಡನೆ ಸಂಕರಿಸಿ, ಬರ ಹಾಗೂ ಬೆಂಕಿ ರೋಗಗಳನ್ನು ತಾಳಬಲ್ಲ ಎಂ.ಎಲ್.-365 ತಳಿಯನ್ನು ರೂಪಿಸಿದರು. 2017ರಲ್ಲಿ ಅದೇ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಈ ತಳಿಯ ಜೀನೋಮನ್ನು, ಅಂದರೆ ಜೀವಕೋಶದಲ್ಲಿ ಅಡಗಿರುವ ಸಮಗ್ರ ವಂಶಲಿಪಿಯನ್ನು, ಓದಿ ಪ್ರಕಟಿಸಿದರು. ಸುಮಾರು 119 ಕೋಟಿ ಅಕ್ಷರಗಳ ಆ ಪಾಠ ಇಡೀ ಲಿಪಿಯ ಶೇ. 82ರಷ್ಟು. ಅದರಲ್ಲಿ ಕಂಡ ವಂಶವಾಹಿಗಳು 85 ಸಾವಿರಕ್ಕೂ ಹೆಚ್ಚು. ಮನುಷ್ಯನಲ್ಲಿರುವುದು ಸುಮಾರು 20 ಸಾವಿರ! ಎರಡು ಪೂರ್ವಜ ಸಸ್ಯಗಳ ವರ್ಣತಂತುಗಳು ಕೂಡಿ ರಾಗಿಯಲ್ಲಿ 36 ಆಗಿರುವುದು ಈ ಸಂಪತ್ತಿಗೆ ಒಂದು ಕಾರಣ. ಓದುವವರ ಕಷ್ಟಕ್ಕೂ ಅದೇ ಕಾರಣ.

ಇದರಿಂದ ರೈತನಿಗೇನು ಲಾಭ? ಹಿಂದೆ ತಳಿಯ ಗುಣ ತಿಳಿಯಲು ತೆನೆ ಮೂಡುವವರೆಗೆ, ರೋಗ ತಗಲುವವರೆಗೆ ಕಾಯಬೇಕಿತ್ತು. ಯಾವ ವಂಶವಾಹಿಯಿಂದ ಯಾವ ಗುಣವೆಂಬುದು ಖಚಿತವಾದರೆ, ಎಳೆಯ ಪೈರಿನ ಎಲೆಯ ಚೂರೊಂದನ್ನು ಪರೀಕ್ಷಿಸಿಯೇ ಆರಿಸಬಹುದು. ಆ ಕೆಲಸ ಇನ್ನೂ ಬಹಳಷ್ಟು ಉಳಿದಿದೆ. ಮಾಡಬೇಕಾದವರು ಇಂತಹ ಮಕ್ಕಳೇ.

“ನಿಮ್ಮಪ್ಪ ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಬೀಜಕ್ಕೆಂದು ತೆಗೆದಿಡುತ್ತಿರಲಿಲ್ಲವೇನಪ್ಪಾ? ಅದೂ ಇದೇ ವಿದ್ಯೆ” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಹೊರಡುವಾಗ, “ಅರ್ಜಿಗೆ ಕಡೇ ದಿನ ಯಾವತ್ತೋ, ಅವಳನ್ನೇ ಕೇಳ್ತೀನಿ ಸಾರ್” ಎಂದನು.